ಆಟಕ್ಕೆ ಅಂತ ಹೇಳಿದರೆ ಪ್ರೊಸೆಸರ್ ಸರಿಯಾಗಿ ಸಿಗುತ್ತೆ

ಸಾಫ್ಟ್‌ವೇರ್ ಕೆಲಸದಲ್ಲಿದ್ದೀವಿ ಅಂದರೆ ಸಾಕು, ನೆಂಟರಿಷ್ಟರ ಲೆಕ್ಕದಲ್ಲಿ ಪ್ರಿಂಟರ್‌ನಿಂದ ಹಿಡಿದು ಸೆಟ್‌ಟಾಪ್ ಬಾಕ್ಸ್‌ವರೆಗೆ ಎಲ್ಲದಕ್ಕೂ ನಾವೇ ಡಾಕ್ಟರು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನಕ್ಕೆ ಈ ಪಾಡು ಗೊತ್ತೇ ಇರುತ್ತೆ. ಇತ್ತೀಚೆಗೆ ನನಗೆ ಜಾಸ್ತಿ ಬರುವ ಪ್ರಶ್ನೆ ಒಂದೇ: "ಕಡಿಮೆ ದುಡ್ಡಲ್ಲಿ ಗೇಮ್ ಆಡೋ ಕಂಪ್ಯೂಟರ್ ಮಾಡಿಸ್ಬೇಕು, ಯಾವ ಪ್ರೊಸೆಸರ್ ಹಾಕಿಸ್ಲಿ?"

ಈ ಸಲ ಕೇಳಿದವನು ದೇವನೂರಿನ ನನ್ನ ಚಿಕ್ಕಪ್ಪನ ಮಗ. ಕಡೂರು ತಾಲ್ಲೂಕಿನ ದೇವನೂರು, ಕವಿ ಲಕ್ಷ್ಮೀಶನ ಊರು ಅಂತ ನೀವು ಕೇಳಿರಬಹುದು. ಇವನು ಅಲ್ಲಿಂದ ದಿನಾ ಬಸ್ಸಿನಲ್ಲಿ ಕಡೂರಿಗೆ ಹೋಗಿ ಬಿಸಿಎ ಓದುತ್ತಾನೆ. ವಾಟ್ಸ್ಯಾಪ್‌ನಲ್ಲಿ ಎರಡು ಮೆಸೇಜ್ ಬಂತು. ಮೊದಲನೆಯದು: "ಅಣ್ಣ, ಐ5 ತಗೊಳ್ಳದಾ, ರೈಜೆನ್ 5 ತಗೊಳ್ಳದಾ? ಐವತ್ತು ಸಾವಿರ ಬಜೆಟ್." ಎರಡನೆಯದು: "ಅಪ್ಪಂಗೆ ಕಾಲೇಜಿಗೆ ಬೇಕು ಅಂತ ಹೇಳಿದೀನಿ. ಫೋನ್ ಮಾಡಿದ್ರೆ ನೀನೂ ಹಂಗೇ ಹೇಳಣ್ಣ."

ಮೊದಲನೆಯ ಪ್ರಶ್ನೆಗೆ ಉತ್ತರ ಎರಡನೆಯ ಮೆಸೇಜಿನಲ್ಲೇ ಸಿಕ್ಕಿಹಾಕಿಕೊಂಡಿದೆ. ಹೇಗೆ ಅಂತ ಹೇಳ್ತೀನಿ.

ಐವತ್ತು ಸಾವಿರ ಅಂದರೆ ಎಷ್ಟು?

ನಮ್ಮ ಕಡೂರು ಸೀಮೆ ಮಲೆನಾಡು ಜಿಲ್ಲೆಯಲ್ಲಿರುವ ಬಯಲುಸೀಮೆ. ಚಿಕ್ಕಪ್ಪನಿಗಿರುವುದು ತೆಂಗಿನ ತೋಟ. ಕಾಯಿ ಕಿತ್ತು ಅಟ್ಟಕ್ಕೆ ಏರಿಸಿದರೆ ಅದು ಒಳಗೇ ಒಣಗಿ ಉಂಡೆ ಕೊಬ್ಬರಿ ಆಗೋಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. 2026ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿರುವ ಬೆಂಬಲ ಬೆಲೆ ಕ್ವಿಂಟಲ್‌ಗೆ 12,500 ರೂಪಾಯಿ. ಮಾರ್ಕೆಟ್ ರೇಟು ಮೇಲೆ ಕೆಳಗೆ ಆಗುತ್ತಿರುತ್ತೆ, ಆದರೆ ಈ ಲೆಕ್ಕದಲ್ಲಿ ಐವತ್ತು ಸಾವಿರ ಅಂದರೆ ಸರಿಯಾಗಿ ನಾಲ್ಕು ಕ್ವಿಂಟಲ್ ಕೊಬ್ಬರಿ. ಸುಲಿಸಿದ ಕೂಲಿ, ಒಡೆಸಿದ ಕೂಲಿ ಬೇರೆ.

ಬೆಂಗಳೂರಿನಲ್ಲಿ ಸಂಬಳ ತಗೊಳ್ಳೋರಿಗೆ ಇದು ಇಎಂಐ ಲೆಕ್ಕ. ಅಲ್ಲಿ ಅದು ಒಂದು ವರ್ಷ ಅಟ್ಟದ ಮೇಲೆ ಕಾದು ಕೂತ ದುಡ್ಡು. ಅದಕ್ಕೇ ಈ ಆಯ್ಕೆಯನ್ನು ನಾನು ಸ್ವಲ್ಪ ಸೀರಿಯಸ್ಸಾಗಿ ತಗೊಂಡೆ.

"ಓದಕ್ಕೆ" ಅಂದರೆ ಏನು ಸಿಗುತ್ತೆ?

ಅಂಗಡಿಗೆ ಹೋಗಿ "ಮಗನ ಓದಿಗೆ ಒಂದು ಒಳ್ಳೆ ಕಂಪ್ಯೂಟರ್ ಕೊಡಿ" ಅಂತ ಅಪ್ಪ ಕೇಳಿದರೆ, ಅಂಗಡಿಯವನು ಪ್ರಾಮಾಣಿಕವಾಗಿಯೇ ಒಂದು ಐ5 ಕಟ್ಟಿಕೊಡುತ್ತಾನೆ. ಉದಾಹರಣೆಗೆ ಕೋರ್ ಐ5-12400 ಅಂತಿಟ್ಟುಕೊಳ್ಳಿ. 6 ಕೋರ್, 12 ಥ್ರೆಡ್, ತುಂಬಾ ಒಳ್ಳೆ ಪ್ರೊಸೆಸರ್. ಜೊತೆಗೆ 8 ಜಿಬಿಯ ಒಂದೇ ಒಂದು ರ‍್ಯಾಮ್ ಕಡ್ಡಿ. ಗ್ರಾಫಿಕ್ಸ್ ಕಾರ್ಡ್ ಇರಲ್ಲ, ಓದಿಗೆ ಅದು ಯಾಕೆ ಬೇಕು?

ಬಿಸಿಎ ಹುಡುಗ ಬರೆಯುವ ಸಿ, ಜಾವಾ ಪ್ರೋಗ್ರಾಂಗಳಿಗೆ, ಡೇಟಾಬೇಸ್ ಲ್ಯಾಬಿಗೆ ಇದು ಧಾರಾಳ. ಆದರೆ ಗೇಮ್ ಹಾಕಿದ ಕೂಡಲೇ ಬಂಡವಾಳ ಬಯಲಾಗುತ್ತೆ. ಆ ಐ5 ಒಳಗಿರುವ ಯುಎಚ್‌ಡಿ 730 ಗ್ರಾಫಿಕ್ಸ್ ಇರೋದು ಸ್ಕ್ರೀನ್ ತೋರಿಸೋಕೆ, ವಿಡಿಯೋ ಓಡಿಸೋಕೆ. ಹೆಚ್ಚುಕಡಿಮೆ ಅದೇ ದರ್ಜೆಯ ರೈಜೆನ್ 5 5600ಜಿ ನೋಡಿ. ಇದರಲ್ಲೂ 6 ಕೋರ್, 12 ಥ್ರೆಡ್. ಆದರೆ ಇದರ ಒಳಗಿರುವ ವೇಗಾ ಗ್ರಾಫಿಕ್ಸ್ ಆ ಐ5 ಗ್ರಾಫಿಕ್ಸಿಗಿಂತ ಎಷ್ಟೋ ಮುಂದೆ.

ಇನ್ನೊಂದು ಕಡೆಯಿಂದ ನೋಡಿದರೆ ಕಥೆ ತಿರುಗುತ್ತೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವುದಾದರೆ ಆ ಐ5ಯೇ 5600ಜಿಗಿಂತ ಚುರುಕು. ಅಂದರೆ ಯಾವುದು ಒಳ್ಳೆಯದು ಅನ್ನೋದು ಪ್ರೊಸೆಸರ್ ಮೇಲೆ ಬರೆದಿರಲ್ಲ. ಅದನ್ನು ಯಾತಕ್ಕೆ ತರ್ತಿದ್ದೀವಿ ಅನ್ನೋದರಲ್ಲಿರುತ್ತೆ. ನಮ್ಮ ಕೆಲಸದಲ್ಲೂ ಇದೇ ತಾನೇ? ರಿಕ್ವೈರ್‌ಮೆಂಟ್ ಸುಳ್ಳು ಬರೆದರೆ ಎಷ್ಟು ಚೆನ್ನಾಗಿ ಕೋಡ್ ಬರೆದರೂ ಕಸ್ಟಮರ್‌ಗೆ ಬೇಕಾದ್ದು ಸಿಗಲ್ಲ.

ಅದಕ್ಕೇ ತಮ್ಮನಿಗೆ ಹೇಳಿದೆ: "ಓದಕ್ಕೆ ಅಂತ ನಾನು ಹೇಳಲ್ಲ ಕಣೋ. ಆಟಕ್ಕೂ ಬೇಕು ಅಂತ ನೀನೇ ಹೇಳು. ಆಮೇಲೆ ಚಿಕ್ಕಪ್ಪನ ಹತ್ರ ನಾನು ಮಾತಾಡ್ತೀನಿ. ಸುಳ್ಳು ಹೇಳಿ ತಂದ ಕಂಪ್ಯೂಟರಲ್ಲಿ ಗೇಮೂ ನೆಟ್ಟಗೆ ಓಡಲ್ಲ, ದಿನಾ ಕಿಟಕಿ ಹಾಕ್ಕೊಂಡು ಆಡ್ಬೇಕು."

ಅವನು ಒಂದು ವಾರ ಮೆಸೇಜ್ ಮಾಡಲಿಲ್ಲ.

ಅಡುಗೆಯವರು, ಬಡಿಸುವವರು, ಪಂಕ್ತಿ

ಆ ವಾರದಲ್ಲಿ ನಿಮಗೂ ಉಪಯೋಗಕ್ಕೆ ಬರಲಿ ಅಂತ ಲೆಕ್ಕವನ್ನೆಲ್ಲ ಒಂದು ಕಡೆ ಬರೆದಿಟ್ಟೆ.

ಗೇಮ್ ಓಡುವಾಗ ಮೂರು ಜನ ಕೆಲಸ ಮಾಡುತ್ತಾರೆ. ಮದುವೆ ಮನೆ ನೆನಪು ಮಾಡಿಕೊಳ್ಳಿ. ಪ್ರೊಸೆಸರ್ ಅಂದರೆ ಒಳಗೆ ಅಡುಗೆ ಮಾಡುವವರು: ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಗುಲಿತು, ಕಾರು ಎಷ್ಟು ತಿರುಗಿತು ಅನ್ನುವ ಲೆಕ್ಕವೆಲ್ಲ ಇವರದು. ಗ್ರಾಫಿಕ್ಸ್ ಅಂದರೆ ಬಡಿಸುವವರು: ಆ ಲೆಕ್ಕವನ್ನು ಚಿತ್ರವಾಗಿ ಬಿಡಿಸಿ ಹೊರಗೆ ತರುವವರು. ಮಾನಿಟರ್ ಅಂದರೆ ಪಂಕ್ತಿಯಲ್ಲಿ ಕೂತವರು. ಮೂವರಲ್ಲಿ ಯಾರು ನಿಧಾನವೋ ಇಡೀ ಊಟ ಅವರ ವೇಗದಲ್ಲೇ ನಡೆಯುತ್ತೆ. ಹತ್ತು ಜನ ಅಡುಗೆಯವರನ್ನು ಕರೆಸಿ ಒಬ್ಬನೇ ಬಡಿಸಿದರೆ ಏನು ಪ್ರಯೋಜನ?

ಮಾನಿಟರ್‌ನಿಂದಲೇ ಶುರು ಮಾಡಿ. ಸಾಮಾನ್ಯ 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತೆ. ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. 144 ಹರ್ಟ್ಸ್ ಮಾನಿಟರ್ ಆದರೆ ಒಂದು ಚಿತ್ರಕ್ಕೆ ಸಿಗುವುದು 7 ಮಿಲಿಸೆಕೆಂಡಿಗೂ ಕಡಿಮೆ, ಆಗ ಪ್ರೊಸೆಸರ್ ಮೇಲಿನ ಭಾರ ನಿಜವಾಗಿ ಏರುತ್ತೆ. ತಮ್ಮನಿಗೆ ನನ್ನ ಹಳೇ ಮಾನಿಟರ್ ಕೊಡುವುದು ಅಂತ ಮಾತಾಗಿತ್ತು. ಅದು 1080ಪಿ, 60 ಹರ್ಟ್ಸ್. ಅಲ್ಲಿಗೆ ದುಬಾರಿ ಪ್ರೊಸೆಸರಿನ ಅರ್ಧ ವಾದ ಮುಗಿಯಿತು.

ಎರಡನೆಯದು, ಯಾವ ಗೇಮ್? ಅವನು ಆಡುವುದು ವ್ಯಾಲೊರಂಟ್, ಆಮೇಲೆ ಜಿಟಿಎ 5. ವ್ಯಾಲೊರಂಟ್‌ಗೆ ಗ್ರಾಫಿಕ್ಸ್‌ಗಿಂತ ಪ್ರೊಸೆಸರಿನ ಒಂದೊಂದು ಕೋರ್ ಎಷ್ಟು ಚುರುಕು ಅನ್ನೋದು ಮುಖ್ಯ. ಜಿಟಿಎ 5 ಕಂಪ್ಯೂಟರಿಗೆ ಬಂದಿದ್ದು 2015ರಲ್ಲಿ, ಸೆಟ್ಟಿಂಗ್ ಸ್ವಲ್ಪ ಇಳಿಸಿದರೆ ಸಾಧಾರಣ ಗ್ರಾಫಿಕ್ಸಿನಲ್ಲೂ ಓಡುತ್ತೆ. ಈಗಷ್ಟೇ ಬಂದ ಭಾರೀ ಗೇಮುಗಳೇ ಬೇಕು ಅಂದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಹೆಸರಿನ ಬಾಲ ನೋಡಿ

ಪ್ರೊಸೆಸರ್ ಹೆಸರಿನಲ್ಲಿ ಎಲ್ಲರೂ ನೋಡುವುದು ಐ3, ಐ5, ಐ7 ಅನ್ನೋ ತಲೆ. ನೋಡಬೇಕಾದ್ದು ನಡುವೆ ಇರುವ ಸಂಖ್ಯೆ, ಕೊನೆಯಲ್ಲಿರುವ ಅಕ್ಷರ.

"ಐ7 ಕಂಪ್ಯೂಟರ್, ಹದಿನೈದು ಸಾವಿರ" ಅಂತ ಸೆಕೆಂಡ್ ಹ್ಯಾಂಡ್ ಜಾಹೀರಾತು ಕಂಡರೆ ಸಂಖ್ಯೆ ಕೇಳಿ. ಐ7-4770 ಅಂದರೆ 2013ರ ಮಾಲು: 4 ಕೋರ್, 8 ಥ್ರೆಡ್. 2022ರ ಐ3-12100 ಕೂಡ 4 ಕೋರ್, 8 ಥ್ರೆಡ್, ಆದರೆ ಒಂದೊಂದು ಕೋರಿನ ವೇಗದಲ್ಲಿ ಹಳೇ ಐ7 ಇದರ ಹತ್ತಿರಕ್ಕೂ ಬರಲ್ಲ. ಇನ್ನೂ ದೊಡ್ಡ ತೊಡಕು, ಆ ಹಳೇ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗಲ್ಲ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲಿನವಕ್ಕೆ ಮಾತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವ್ಯಾಲೊರಂಟ್ ಅಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಇಲ್ಲದೆ ಶುರುವೇ ಆಗಲ್ಲ.

ಇನ್ನು ಬಾಲದ ಅಕ್ಷರ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಕಾಣಲ್ಲ. ಎಎಂಡಿಯಲ್ಲಿ ಜಿ ಇದ್ದರೆ ಒಳಗೆ ಆಡಬಹುದಾದಷ್ಟು ಗ್ರಾಫಿಕ್ಸ್ ಇದೆ. ರೈಜೆನ್ 5 5600 ಮತ್ತು 5600ಜಿ ಹೆಸರಲ್ಲಿ ಒಂದೇ ಅಕ್ಷರ ವ್ಯತ್ಯಾಸ, ಗುಣದಲ್ಲಿ ಜಾಸ್ತಿ. ಜಿ ಇಲ್ಲದ್ದರಲ್ಲಿ 32 ಎಂಬಿ ಎಲ್3 ಕ್ಯಾಶ್, ಜಿ ಇರುವುದರಲ್ಲಿ 16. ಕ್ಯಾಶ್ ಅಂದರೆ ಒಲೆಯ ಪಕ್ಕದಲ್ಲೇ ಇಟ್ಟುಕೊಂಡ ಸಾಮಾನು. ಜಾಸ್ತಿ ಇದ್ದಷ್ಟೂ ಅಡುಗೆಯವರು ಉಗ್ರಾಣಕ್ಕೆ ಓಡುವುದು ಕಡಿಮೆ. ಗೇಮ್‌ಗಳಿಗೆ ಇದು ಚೆನ್ನಾಗಿ ಒಗ್ಗುತ್ತೆ. ಹಾಗಾಗಿ ಕಾರ್ಡ್ ಈಗಲೇ ತರುವವರಿಗೆ 5600, ಅಥವಾ ದುಡ್ಡು ಇನ್ನೂ ಬಿಗಿಯಿದ್ದರೆ ಐ3-12100ಎಫ್. ಕಾರ್ಡ್ ಆಮೇಲೆ ತರುವವರಿಗೆ 5600ಜಿ.

5600ಜಿ ತಗೊಂಡರೆ ಒಂದು ನಿಯಮ ತಪ್ಪಿಸಬೇಡಿ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮ್‌ನಲ್ಲೇ ಪಾಲು ಕೇಳುತ್ತೆ. 16 ಜಿಬಿಯ ಒಂದು ಕಡ್ಡಿ ಬೇಡ, 8 ಜಿಬಿಯ ಎರಡು ಹಾಕಿಸಿ. ಎರಡು ಕಡ್ಡಿ ಅಂದರೆ ಎರಡು ದಾರಿ. ಇಷ್ಟೇ ಬದಲಾವಣೆಗೆ ಗೇಮ್ ಓಡುವ ರೀತಿಯೇ ಬೇರೆಯಾಗುತ್ತೆ.

ಹೊಸ ಎಎಂ5 ಸಾಕೆಟ್ ಯಾಕೆ ಬೇಡ ಅಂತ ಕೇಳಬಹುದು. 2022ರಲ್ಲಿ ಬಂದ ಎಎಂ5ಗೆ ಎಎಂಡಿ 2027ರವರೆಗೂ, ಅದರಾಚೆಗೂ ಬೆಂಬಲ ಕೊಡ್ತೀವಿ ಅಂದಿದೆ. ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸುವ ಯೋಚನೆ ಇದ್ದರೆ ಅದೇ ಒಳ್ಳೆಯದು. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಬೋರ್ಡ್ ಕೂಡ ದುಬಾರಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಿಗಿದಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಕ್ರೂಷಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಐವತ್ತು ಸಾವಿರದ ಮಿತಿಯಲ್ಲಿ ಇರುವವರಿಗೆ ಈ ಹೊತ್ತಿನಲ್ಲಿ ಸ್ನೇಹಿತರ ಹತ್ತಿರ ಹಳೇ ಡಿಡಿಆರ್4 ಕಡ್ಡಿಗಳಿದ್ದರೆ ಅದೇ ಲಾಟರಿ.

ಬೋರ್‌ವೆಲ್ ಮೋಟರ್ ಮತ್ತು ಪ್ರೊಸೆಸರ್

ಬೆಂಗಳೂರಿನ ಯೂಟ್ಯೂಬ್ ವಿಡಿಯೋಗಳು ಹೇಳದ ಒಂದು ವಿಷಯ ಇದೆ. ಊರಲ್ಲಿ ತ್ರೀಫೇಸ್ ಬಂದು ಸುತ್ತಲಿನ ತೋಟದ ಮೋಟರ್‌ಗಳೆಲ್ಲ ಒಟ್ಟಿಗೆ ಶುರುವಾದರೆ ಮನೆಯ ಬಲ್ಬು ಮಂಕಾಗುತ್ತೆ. ಇದ್ದಕ್ಕಿದ್ದಂತೆ ಕರೆಂಟು ಹೋಗಿ ಬರುತ್ತೆ. ಹಾಗಿರುವಾಗ ಎಷ್ಟು ಕಡಿಮೆ ಕರೆಂಟು ಎಳೆಯುತ್ತೆ ಅನ್ನೋದೂ ಪ್ರೊಸೆಸರಿನ ಗುಣವೇ.

5600ಜಿ 65 ವ್ಯಾಟ್ ದರ್ಜೆಯದು. ಕಾರ್ಡ್ ಇಲ್ಲದೆ ಇಡೀ ಡಬ್ಬ ಆಟದ ಹೊತ್ತಿನಲ್ಲೂ 150 ವ್ಯಾಟ್ ಒಳಗೇ ಇರುತ್ತೆ, ಸಣ್ಣ ಯುಪಿಎಸ್ ಸಾಕು. ಯುಪಿಎಸ್ ಮೇಲೆ 600 ವಿಎ ಅಂತ ಬರೆದಿದ್ದರೆ ಅದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಪ್ರೊಸೆಸರಿನಲ್ಲಿ ಉಳಿದ ಎರಡು ಮೂರು ಸಾವಿರವನ್ನು ಯುಪಿಎಸ್‌ಗೆ, ಒಳ್ಳೆ ಪವರ್ ಸಪ್ಲೈಗೆ ಹಾಕಿ. ಇವೆರಡನ್ನು ತೋರಿಸಿ ಯಾರೂ ಸ್ಟೇಟಸ್ ಹಾಕಲ್ಲ. ಆದರೆ ಮಿಕ್ಕಿದ್ದನ್ನೆಲ್ಲ ಕಾಯುವುದು ಇವೇ.

ಚಿಕ್ಕಪ್ಪನ ಫೋನು

ವಾರದ ಮೇಲೆ ಫೋನ್ ಬಂದಿದ್ದು ತಮ್ಮನದಲ್ಲ, ಚಿಕ್ಕಪ್ಪನದು. ಹುಡುಗ ಹೇಳಿಬಿಟ್ಟಿದ್ದ. ಎರಡು ದಿನ ಮನೆಯಲ್ಲಿ ಅಪ್ಪ ಮಗನಿಗೆ ಮಾತಿರಲಿಲ್ಲವಂತೆ, ಚಿಕ್ಕಮ್ಮ ಆಮೇಲೆ ಹೇಳಿದರು.

"ಆಟಕ್ಕಂತೆ ಕಣಪ್ಪ. ನಾಕು ಕ್ವಿಂಟಲ್ ಕೊಬ್ರಿ ಆಟಕ್ಕೆ" ಅಂದರು ಚಿಕ್ಕಪ್ಪ.

"ಹೌದು ಚಿಕ್ಕಪ್ಪ, ಆಟಕ್ಕೂ ಹೌದು, ಓದಿಗೂ ಹೌದು" ಅಂದೆ. "ಓದಿಗೆ ಮಾತ್ರ ಅಂದ್ರೆ ಎರಡು ಕ್ವಿಂಟಲ್‌ನಲ್ಲಿ ಮುಗಿಯುತ್ತೆ. ಮಿಕ್ಕಿದ್ದು ಆಟದ್ದು. ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತೆಂಗಿನ ಸಸಿ ಕೊಳ್ಳುವಾಗ ಕೇಳುವ ಹಾಗೆಯೇ ಕೇಳಿದರು: "ಎಷ್ಟ್ ವರ್ಷ ಬರ್ತೈತೆ ಇದು?"

ನಾಲ್ಕೈದು ವರ್ಷ ಓದಿಗೆ, ಈಗ ಆಡುತ್ತಿರುವ ಆಟಗಳಿಗೆ ತೊಂದರೆ ಇಲ್ಲ, ಹೊಸ ಭಾರೀ ಆಟಗಳು ಬೇಕಾದರೆ ನಡುವೆ ಒಂದು ಕಾರ್ಡ್ ಹಾಕಬೇಕಾಗುತ್ತೆ ಅಂದೆ. "ಅದ್ಯಾಕೆ ಈಗ್ಲೇ ಬೇಕು, ಮುಂದಿನ ಕೊಬ್ರಿಗೆ ಹಾಕಿದ್ರಾಯ್ತಲ್ಲ?" ಅಂದರು.

ನಾನು ವಾರವೆಲ್ಲ ಕೂತು ಮಾಡಿದ ಲೆಕ್ಕ ಇದೇ. ಈ ವರ್ಷ 5600ಜಿ, ಎರಡು ಕಡ್ಡಿ ರ‍್ಯಾಮ್, ಎಸ್‌ಎಸ್‌ಡಿ, ಒಳ್ಳೆ ಪವರ್ ಸಪ್ಲೈ, ಯುಪಿಎಸ್. ಮೂರು ಕ್ವಿಂಟಲ್‌ನ ಆಸುಪಾಸು. ಬರುವ ವರ್ಷ ಹುಡುಗ ಇನ್ನೂ ಆಡುತ್ತಿದ್ದರೆ, ಓದೂ ನಡೆದಿದ್ದರೆ ಕಾರ್ಡ್. ತಮ್ಮನಿಗೆ ಇದು ಪೂರ್ತಿ ಖುಷಿ ಕೊಟ್ಟಿಲ್ಲ. ಅವನ ಫ್ರೆಂಡ್ಸ್ ಕಾರ್ಡ್ ಇರುವವರು. ಆದರೆ ಈಗ ಬಾಗಿಲು ತೆರೆದಿಟ್ಟು ಆಡಬಹುದು.

ಈ ದಾರಿಗೂ ಒಂದು ಬೆಲೆ ಇದೆ, ಅದನ್ನೂ ಅವನಿಗೆ ಹೇಳಿದ್ದೀನಿ. 5600ಜಿ ಕಾರ್ಡಿನ ಜೊತೆ ಮಾತಾಡುವುದು ಪಿಸಿಐಇ 3.0 ವೇಗದಲ್ಲಿ. ಮುಂದೆ ಕಾರ್ಡ್ ತರುವಾಗ ನಾಲ್ಕೇ ಲೇನ್ ಇರುವ ಅಗ್ಗದ ಕಾರ್ಡುಗಳು, ಉದಾಹರಣೆಗೆ ಆರ್‌ಎಕ್ಸ್ 6500 ಎಕ್ಸ್‌ಟಿ, ಇದರಲ್ಲಿ ಏದುಸಿರು ಬಿಡುತ್ತವೆ. ಎಂಟು ಲೇನ್ ಅಥವಾ ಹದಿನಾರು ಲೇನ್ ಇರುವುದನ್ನೇ ನೋಡಬೇಕು.

ಚಿಕ್ಕಪ್ಪ ಫೋನ್ ಇಡುವ ಮುಂಚೆ ಇದನ್ನೆಲ್ಲ ಎಲ್ಲಿ ಮಾಡ್ತಾರೆ ಅಂತಲೂ ಕೇಳಿದರು. ಚಿಪ್ಪು ಅಚ್ಚಾಗುವುದು ತೈವಾನ್‌ನಲ್ಲಿ. ಆದರೆ ಪ್ರೊಸೆಸರುಗಳ ನಕ್ಷೆ ಬರೆಯುವ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆಯುತ್ತೆ. 2008ರಲ್ಲಿ ಇಂಟೆಲ್ ತಂದ ಆರು ಕೋರಿನ ಜಿಯಾನ್ 7400 ಪ್ರೊಸೆಸರಿನ ವಿನ್ಯಾಸ ಆಗಿದ್ದು ಬೆಂಗಳೂರಿನಲ್ಲೇ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದಿದ್ದೂ ಇಲ್ಲೇ. "ಹಂಗಾದ್ರೆ ಅದನ್ನೂ ಓದ್ಲಿ" ಅಂದರು. ಗೇಮ್ ಆಡಿದರೆ ಚಿಪ್ ಎಂಜಿನಿಯರ್ ಆಗ್ತಾನೆ ಅಂತ ನಾನು ಹೇಳಲಿಲ್ಲ. ಅದೂ ಸುಳ್ಳೇ ಆಗುತ್ತಿತ್ತು.

ಅಂಗಡಿಗೆ ಒಯ್ಯುವ ಚೀಟಿ

ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರಾಗಲಿ, ಆನ್‌ಲೈನ್‌ನಲ್ಲಿ ತರಿಸುವವರಾಗಲಿ, ಮೊದಲು ಫೋನಿನಲ್ಲಿ ಐದು ಸಾಲು ಬರೆದುಕೊಳ್ಳಿ.

ಒಂದು, ಆಡುವ ಗೇಮ್‌ಗಳ ಹೆಸರು, ಮಾನಿಟರ್ ಎಷ್ಟು ಹರ್ಟ್ಸ್.

ಎರಡು, ಗ್ರಾಫಿಕ್ಸ್ ಕಾರ್ಡ್ ಈಗಲಾ, ಆಮೇಲಾ.

ಮೂರು, ಪ್ರೊಸೆಸರಿನ ಪೂರ್ತಿ ಹೆಸರು, ಬಾಲದ ಅಕ್ಷರ ಸಮೇತ. "ಐ5 ಇದೆ, ರೈಜೆನ್ 5 ಇದೆ" ಅಂದರೆ ಒಪ್ಪಬೇಡಿ, ಬಿಲ್ಲಿನಲ್ಲೂ ಪೂರ್ತಿ ಹೆಸರು ಬರೆಸಿ.

ನಾಲ್ಕು, ರ‍್ಯಾಮ್ ಎರಡು ಕಡ್ಡಿ.

ಐದು, ಡಬ್ಬಿ ಸಮೇತದ ಪ್ರೊಸೆಸರೇ ಬೇಕು. ಡಬ್ಬಿಯದಕ್ಕೆ ಕಂಪನಿಯ 3 ವರ್ಷದ ವಾರಂಟಿ ಇರುತ್ತೆ, ಇಲ್ಲಿ ಹೇಳಿದವುಗಳ ಡಬ್ಬಿಯಲ್ಲಿ ಕೂಲರ್ ಕೂಡ ಬರುತ್ತೆ. ಟ್ರೇ ಮಾಲು ಅಂತ ಬಿಡಿಯಾಗಿ ಮಾರುವುದರಲ್ಲಿ ಕೂಲರ್ ಇರಲ್ಲ, ವಾರಂಟಿಯೂ ಅಂಗಡಿಯವರ ಬಾಯಿಮಾತೇ ಆಗಬಹುದು.

ನನಗೆ ಪ್ರಶ್ನೆ ಕಳಿಸುವವರಿಗೂ ಇದೇ ಕೋರಿಕೆ. "ಯಾವುದು ಬೆಸ್ಟ್?" ಅಂತ ಬರೆದರೆ ನನ್ನ ಹತ್ತಿರ ಉತ್ತರ ಇಲ್ಲ. ಯಾತಕ್ಕೆ ಬೇಕು, ಎಷ್ಟು ದುಡ್ಡು, ಅದು ಯಾರ ದುಡ್ಡು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಪ್ರೊಸೆಸರ್ ಹೆಸರು ಹುಡುಕುವುದು ಆಮೇಲೆ ಹತ್ತು ನಿಮಿಷದ ಕೆಲಸ.